ದಶಾಂಶದ ಹಣ ಯಾರ ಕೈಗೆ ಕೊಡಲಿ? ಲೆಕ್ಕ ಕೇಳಿದರೆ ತಪ್ಪಾಗುತ್ತಾ?

ಪ್ರಶ್ನೆ: ನಾನು ಮೈಸೂರಿನವಳು, ನಿವೃತ್ತ ಶಿಕ್ಷಕಿ. ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಹೋದ ವರ್ಷ ನಮ್ಮ ಯಜಮಾನರು ತೀರಿಕೊಂಡರು. ಅವರ ಹೆಸರಲ್ಲಿ ಮೂರು ಲಕ್ಷ ರೂಪಾಯಿ ಕಷ್ಟದಲ್ಲಿರುವವರಿಗೆ ಸೇರಬೇಕು ಅಂತ ನನ್ನ ಆಸೆ. ಮೂರು ಕಡೆ ಮನಸ್ಸಿದೆ. ಒಂದು, ಪ್ರಾರ್ಥನಾ ಗುಂಪಿನಿಂದ ಪರಿಚಯವಾದ ಪಾಸ್ಟರ್ ಒಬ್ಬರು ನಡೆಸುವ ಮಕ್ಕಳ ಮನೆ. ಅವರು ದಿನಾ ವಾಟ್ಸಾಪಿನಲ್ಲಿ ಮಕ್ಕಳ ಫೋಟೊ ಕಳಿಸುತ್ತಾರೆ, ಕೆಳಗೆ ಗೂಗಲ್ ಪೇ ನಂಬರ್ ಇರುತ್ತದೆ. ಎರಡು, ದೇಶದ ತುಂಬಾ ಕೆಲಸ ಮಾಡುವ ಒಂದು ದೊಡ್ಡ ಕ್ರೈಸ್ತ ಸಂಸ್ಥೆ. ಮೂರು, ಹಾಸಿಗೆ ಹಿಡಿದ ವೃದ್ಧರನ್ನು ನೋಡಿಕೊಳ್ಳುವ ಕ್ಯಾಥೊಲಿಕ್ ಸಿಸ್ಟರ್‌ಗಳ ಆಶ್ರಮ. ಅವರಿಗೆ ವೆಬ್‌ಸೈಟೂ ಇಲ್ಲ. ನನ್ನ ತಮ್ಮ "ದೊಡ್ಡ ಸಂಸ್ಥೆಗಳು ಅರ್ಧ ಹಣ ಸಂಬಳಕ್ಕೇ ತಿನ್ನುತ್ತವೆ" ಅನ್ನುತ್ತಾನೆ. ಸಭೆಯಲ್ಲಿ ಕೆಲವರು "ದಶಾಂಶ (ದೇವರಿಗೆ ಮೀಸಲಿಡುವ ಆದಾಯದ ಹತ್ತನೇ ಒಂದು ಪಾಲು) ಅಂದಮೇಲೆ ಸಭೆಗೇ ಬರಬೇಕು" ಅನ್ನುತ್ತಾರೆ. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಯೇಸುಸ್ವಾಮಿಯೇ ಹೇಳಿರುವಾಗ ನಾನು ಲೆಕ್ಕ ಕೇಳಿದರೆ ತಪ್ಪಾಗುತ್ತಾ? ದುಬೈಯಲ್ಲಿರುವ ಮಗಳು, ಕೆನಡಾದಲ್ಲಿರುವ ಮಗ ಇಬ್ಬರೂ ತಮ್ಮ ಪಾಲು ಸೇರಿಸುತ್ತೇವೆ ಅಂತಿದ್ದಾರೆ. ಮಗನಿಗೆ ಈಗ ಅಲ್ಲಿನ ಪೌರತ್ವ ಸಿಕ್ಕಿದೆ. ಅವನ ಹಣವನ್ನು ನನ್ನ ಖಾತೆಗೆ ಹಾಕಿಸಿಕೊಂಡು ಒಟ್ಟಿಗೆ ಕೊಡಬಹುದಾ?

ಉತ್ತರ: ಟೀಚರ್, ಟ್ರಸ್ಟ್ ಮತ್ತು ಸೊಸೈಟಿಗಳ ಆಡಿಟ್ ಮಾಡುವುದೇ ನನ್ನ ಕೆಲಸ. ಅದರಲ್ಲಿ ಚರ್ಚಿಗೆ ಸೇರಿದ ಶಾಲೆ, ಆಸ್ಪತ್ರೆ, ಹಾಸ್ಟೆಲ್‌ಗಳೇ ಜಾಸ್ತಿ. ಹಣ ಕೊಡುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ನಿಮ್ಮದೇ ಮೊದಲನೆಯದು. ಯಾರಿಗೆ ಕೊಡಲಿ ಅನ್ನುವುದಕ್ಕಿಂತ, ಕೇಳಿದರೆ ನನ್ನ ನಂಬಿಕೆ ಕಡಿಮೆ ಅಂದುಕೊಳ್ಳುತ್ತಾರೇನೋ ಅನ್ನುವ ಅಳುಕು ನಿಮ್ಮ ಪತ್ರದಲ್ಲಿ ಜಾಸ್ತಿ ಕಾಣುತ್ತದೆ. ಹಾಗಾಗಿ ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ.

ಲೆಕ್ಕ ಕೇಳುವುದು ಅಪನಂಬಿಕೆಯಲ್ಲ. ಬೈಬಲಿನ ಎರಡನೆಯ ಅರಸುಗಳ 12ನೇ ಅಧ್ಯಾಯ ಇನ್ನೊಮ್ಮೆ ಓದಿ ನೋಡಿ. ದೇವಾಲಯದ ದುರಸ್ತಿಗೆ ಜನ ಕೊಟ್ಟ ಹಣ ಯಾಜಕರ ಕೈ ಸೇರುತ್ತಿತ್ತು. ಯೋವಾಷ ಅರಸನಾಗಿ 23ನೇ ವರ್ಷಕ್ಕೆ ಬಂದರೂ ಒಂದು ಬಿರುಕೂ ಮುಚ್ಚಿರಲಿಲ್ಲ. ಆಗ ಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಕೊರೆದು, ಯಜ್ಞವೇದಿಯ ಬಲಗಡೆ ಇಟ್ಟ. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ ಚೀಲಕ್ಕೆ ಕಟ್ಟುತ್ತಿದ್ದರು. ಕೆಲಸಗಾರರಿಂದ ಲೆಕ್ಕ ಕೇಳಲಿಲ್ಲ, ಅವರು ಪ್ರಾಮಾಣಿಕರಾಗಿದ್ದರು ಅಂತಲೂ ಅಲ್ಲೇ ಇದೆ, ನಿಜ. ಆದರೆ ಆ ಹಣ ಅವರ ಕೈ ಸೇರುವ ಮೊದಲೇ ಇಬ್ಬರು ಕೂತು ಎಣಿಸಿಯಾಗಿತ್ತು. ಇವತ್ತಿಗೂ ಭಾನುವಾರದ ಆರಾಧನೆ ಮುಗಿದ ಮೇಲೆ ವೆಸ್ಟ್ರಿಯಲ್ಲಿ (ಚರ್ಚಿನ ಒಳಕೋಣೆಯಲ್ಲಿ) ಇಬ್ಬರು ಮೂವರು ಕೂತು ಕಾಣಿಕೆ ಎಣಿಸಿ ರಿಜಿಸ್ಟರಿಗೆ ಸಹಿ ಹಾಕುತ್ತಾರಲ್ವಾ, ಅದೂ ಇದೇ ಕೆಲಸ. ಅಪೊಸ್ತಲ ಪೌಲ ಕೂಡ ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ಒಬ್ಬನೇ ಒಯ್ಯಲಿಲ್ಲ. ತನ್ನ ಜೊತೆಗಾರ ತೀತನ ಸಂಗಡ ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಕಳಿಸಿದ. ಯಾರೂ ಬೆರಳು ತೋರಿಸಬಾರದು ಅನ್ನುವುದೇ ಕಾರಣ ಅಂತ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಅವನೇ ಬಿಡಿಸಿ ಹೇಳುತ್ತಾನೆ.

ಬಲಗೈ-ಎಡಗೈ ಮಾತು ಕೊಡುವವರ ಹೆಮ್ಮೆಗೆ ಸಂಬಂಧಪಟ್ಟದ್ದು. ತೆಗೆದುಕೊಳ್ಳುವವರ ಲೆಕ್ಕಕ್ಕೆ ಅಲ್ಲ. ಇಲ್ಲಿ ಒಂದು ಕಾನೂನಿನ ವಿಷಯವೂ ಇದೆ. ಹೆಸರು, ವಿಳಾಸ ಬರೆದಿಡದೆ ಪಡೆದ ದೇಣಿಗೆ ಒಂದು ಮಿತಿ ದಾಟಿದರೆ ಸೇವಾ ಟ್ರಸ್ಟ್ ಅದರ ಮೇಲೆ ಶೇ 30 ತೆರಿಗೆ ಕಟ್ಟಬೇಕು. ಗುಪ್ತವಾಗಿ ಕೊಡುತ್ತೇನೆ ಅಂತ ಕವರಿನಲ್ಲಿ ಹಾಕಿದ ಹಣದಲ್ಲಿ ಅಷ್ಟು ಪಾಲು ಸುಮ್ನೆ ಹೋಗಿಬಿಡಬಹುದು. ಸಂಸ್ಥೆಯ ಪುಸ್ತಕದಲ್ಲಿ ನಿಮ್ಮ ಹೆಸರು, ಪ್ಯಾನ್ ಇರಲಿ. ಗೋಡೆಯ ಮೇಲೆ ಅಮೃತಶಿಲೆಯ ಫಲಕ ಬೇಡ ಅಂತ ಹೇಳಿ. ಅಷ್ಟು ಸಾಕು.

ದಶಾಂಶ ಸಭೆಗೇ ಸೇರಬೇಕಾ ಅನ್ನುವುದು ದೇವಶಾಸ್ತ್ರದ ವಿಷಯ. ಒಂದೊಂದು ಸಭೆ ಒಂದೊಂದು ರೀತಿ ಕಲಿಸುತ್ತದೆ, ಅದರ ನಡುವೆ ನಾನು ಬರುವುದಿಲ್ಲ. ಮಲಾಕಿಯನ ಪುಸ್ತಕದಲ್ಲಿ ದಶಾಂಶವನ್ನು ಭಂಡಾರಕ್ಕೆ ತನ್ನಿ ಅಂತ ಇದೆ. ಧರ್ಮೋಪದೇಶಕಾಂಡದ 14ನೇ ಅಧ್ಯಾಯದಲ್ಲಿ ಮೂರನೇ ವರ್ಷದ ದಶಾಂಶವನ್ನು ಊರಲ್ಲೇ ಇಟ್ಟು ಲೇವಿಯರು (ದೇವಾಲಯದ ಸೇವೆಗೆ ಮೀಸಲಾದ ಕುಲದವರು), ಪರದೇಶಿಗಳು, ತಾಯಿತಂದೆ ಇಲ್ಲದ ಮಕ್ಕಳು, ವಿಧವೆಯರು ಉಣ್ಣಲಿ ಅಂತ ಇದೆ. ಎರಡನ್ನೂ ಓದಿ, ನಿಮ್ಮ ಸಭಾಪಾಲಕರ ಹತ್ತಿರ ಮಾತಾಡಿ. ತಿಂಗಳ ಪಿಂಚಣಿಯ ದಶಾಂಶವೇ ಬೇರೆ, ಯಜಮಾನರ ನೆನಪಿಗೆ ಎತ್ತಿಟ್ಟ ಈ ಹಣವೇ ಬೇರೆ ಅಂತ ಇಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಕ್ಯಾಥೊಲಿಕ್ ಸಿಸ್ಟರ್‌ಗಳಿಗೆ ಕೊಡಬಹುದಾ ಅನ್ನುವ ಅನುಮಾನ ಬೇಡವೇ ಬೇಡ. ಹಾಸಿಗೆ ಹಿಡಿದವರ ಮೈ ತೊಳೆಯುವ ಕೈ ಯಾವ ಸಭೆಯದಾದರೇನು?

ಈಗ ಪಾಸ್ಟರ್ ಅವರ ಮಕ್ಕಳ ಮನೆ. ನಿಮ್ಮ ಮೂರು ಆಯ್ಕೆಗಳಲ್ಲಿ ಜಾಸ್ತಿ ಎಚ್ಚರ ಬೇಕಾದದ್ದು ಇಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಂಥ ಕಡೆ ನಾನು ಕಂಡದ್ದು ಕಳ್ಳತನಕ್ಕಿಂತ ಕಲಬೆರಕೆ ಜಾಸ್ತಿ. ಒಬ್ಬರು ಒಳ್ಳೆಯ ಮನಸ್ಸಿನಿಂದ ನಾಲ್ಕು ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡು ಶುರು ಮಾಡುತ್ತಾರೆ. ಹಣ ಅವರದೇ ಖಾತೆಗೆ ಬರುತ್ತದೆ. ಮನೆ ಬಾಡಿಗೆ, ಮಕ್ಕಳ ಅಕ್ಕಿ, ಸ್ವಂತ ಮಗಳ ಕಾಲೇಜು ಫೀಸು ಎಲ್ಲ ಅದೇ ಖಾತೆಯಿಂದ ಹೋಗುತ್ತದೆ. ಆಮೇಲೆ ಟ್ರಸ್ಟ್ ಮಾಡುತ್ತಾರೆ. ಟ್ರಸ್ಟಿಗಳು ಯಾರು ಅಂದರೆ ಅವರು, ಅವರ ಹೆಂಡತಿ, ಭಾಮೈದ. ಬೇಡ ಅನ್ನುವ ಧೈರ್ಯ ಇರುವವರು ಒಬ್ಬರೂ ಒಳಗಿಲ್ಲ. ಹತ್ತು ವರ್ಷ ಕಳೆದ ಮೇಲೆ ಯಾವುದು ಮಕ್ಕಳದು, ಯಾವುದು ಮನೆಯದು ಅಂತ ಅವರಿಗೇ ಗೊತ್ತಿರುವುದಿಲ್ಲ. ಕೊಡುವವರಾದ ನಮ್ಮ ಪಾಲೂ ಇದರಲ್ಲಿದೆ. ರಸೀದಿ ಕೇಳದೆ ಕೊಟ್ಟವರು ನಾವೇ. ಫೋಟೊ ನೋಡಿ ಮನಸ್ಸು ಕರಗಿದವರೂ ನಾವೇ.

ಆ ಫೋಟೊಗಳ ವಿಷಯವನ್ನೇ ಮೊದಲು ನೋಡಿ. ಮಕ್ಕಳ ಮನೆ ನಡೆಸಬೇಕಾದರೆ 2015ರ ಬಾಲನ್ಯಾಯ ಕಾಯ್ದೆಯ ಕೆಳಗೆ ನೋಂದಣಿ ಆಗಲೇಬೇಕು. ಟ್ರಸ್ಟ್ ಡೀಡ್ ಇದೆ ಅಂದರೆ ಅದು ಬೇರೆ ವಿಷಯ, ಈ ನೋಂದಣಿ ಅಲ್ಲ. ನೋಂದಣಿ ಇಲ್ಲದೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷಕ್ಕೆ ಕಡಿಮೆ ಇಲ್ಲದ ದಂಡ, ಅಥವಾ ಎರಡೂ ಆಗಬಹುದು. ಮಗು ಅಲ್ಲಿಗೆ ಬರಬೇಕಾದದ್ದು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ. ಅದೇ ಕಾಯ್ದೆಯ 74ನೇ ಸೆಕ್ಷನ್, ರಕ್ಷಣೆ ಬೇಕಾದ ಮಗುವಿನ ಗುರುತು ಸಿಗುವಂತೆ ಹೆಸರು, ಶಾಲೆ, ಚಿತ್ರ ಪ್ರಕಟಿಸಬಾರದು ಅನ್ನುತ್ತದೆ. ಮಗುವಿನ ಮುಖ, ಹೆಸರು, "ಇವಳ ತಂದೆ ಕುಡುಕ" ಅನ್ನುವ ಕತೆ ಎಲ್ಲ ಸೇರಿಸಿ ಗ್ರೂಪಿಗೆ ಹಾಕುವ ಮನೆಗೆ ಈ ಕಾನೂನು ಗೊತ್ತಿಲ್ಲ, ಇಲ್ಲವೇ ಅದರ ಚಿಂತೆ ಇಲ್ಲ. ನಿಮ್ಮ ಮೊಮ್ಮಗಳ ಫೋಟೊವನ್ನು ಯಾರಾದರೂ ಹಾಗೆ ಹಂಚಿದರೆ ನಿಮಗೆ ಹೇಗಾಗುತ್ತದೆ ಅಂತ ಯೋಚಿಸಿ.

ಇನ್ನೊಂದು ಮಾತು ಹೇಳಲೇಬೇಕು. ನಾನು ಲೆಕ್ಕ ನೋಡಿದ ಮಕ್ಕಳ ಮನೆಗಳಲ್ಲಿ ಅಪ್ಪನೋ ಅಮ್ಮನೋ ಬದುಕಿರುವ ಮಕ್ಕಳೇ ಜಾಸ್ತಿ. ಬಡತನದಿಂದ ಮನೆಯವರು ಅಲ್ಲಿ ಬಿಟ್ಟು ಹೋದ ಮಕ್ಕಳು ಅವರು. ಸಂಸ್ಥೆ ಅನ್ನುವುದು ಕೊನೆಯ ದಾರಿ ಆಗಿರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಗಂಡನಿಲ್ಲದ ತಾಯಿ ಮಗುವನ್ನು ತನ್ನ ಹತ್ತಿರವೇ ಇಟ್ಟುಕೊಂಡು ಓದಿಸಲು ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವು ಪಡೆಯಲು ಅವಕಾಶ ಇದೆ. ಅರ್ಜಿ ಹಾಕುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಎಷ್ಟೋ ತಾಯಂದಿರಿಗೆ ಇದು ಗೊತ್ತೇ ಇಲ್ಲ. ನೀವು ಟೀಚರ್ ಆಗಿದ್ದವರು. ನಿಮ್ಮ ಸಭೆಯಲ್ಲೇ ಅಂಥ ಇಬ್ಬರಿಗೆ ಅರ್ಜಿ ತುಂಬಿಸಿಕೊಟ್ಟರೆ ಅದು ಹಣಕ್ಕಿಂತ ದೊಡ್ಡ ಕೊಡುಗೆ ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಆ ಪಾಸ್ಟರ್ ಮೋಸಗಾರ ಅಂತ ನಾನು ಹೇಳುತ್ತಿಲ್ಲ. ಅವರಿಗೊಂದು ಅವಕಾಶ ಕೊಡಿ. ಹೀಗೆ ಒಂದು ಮೆಸೇಜ್ ಕಳಿಸಿ: "ಬ್ರದರ್, ಯಜಮಾನರ ಹೆಸರಲ್ಲಿ ಒಂದು ಮೊತ್ತ ಕೊಡಬೇಕು ಅಂತಿದ್ದೇನೆ. ಮಕ್ಕಳ ಮನೆಯ ನೋಂದಣಿ ಪತ್ರ, ಟ್ರಸ್ಟಿನ ಪ್ಯಾನ್, ಹೋದ ವರ್ಷದ ಆಡಿಟ್ ರಿಪೋರ್ಟ್ ಕಳಿಸಿದರೆ ನನ್ನ ಮಕ್ಕಳಿಗೂ ತೋರಿಸುತ್ತೇನೆ." ಒಳ್ಳೆಯ ಕೆಲಸ ಮಾಡುವವರಿಗೆ ಇದರಿಂದ ಬೇಜಾರಾಗುವುದಿಲ್ಲ. ವಾರದಲ್ಲಿ ಕಳಿಸುತ್ತಾರೆ. ಒಂದೆರಡು ಕಾಗದ ಇಲ್ಲದಿದ್ದರೆ ಇಲ್ಲ ಅಂತ ಒಪ್ಪಿಕೊಳ್ಳುತ್ತಾರೆ. ಅದರ ಬದಲು "ಸಿಸ್ಟರ್, ದೇವರ ಕೆಲಸಕ್ಕೆ ಕಾಗದ ಕೇಳ್ತೀರಾ" ಅಂತ ಬಂದರೆ ಅಲ್ಲಿಗೆ ನಿಲ್ಲಿಸಿ.

ಕಾಗದ ಬಂದರೆ ಏನು ನೋಡಬೇಕು? ಪ್ಯಾನ್ ನಂಬರಿನ ನಾಲ್ಕನೇ ಅಕ್ಷರ ನೋಡಿ. ಟ್ರಸ್ಟ್ ಆದರೆ ಅಲ್ಲಿ 'ಟಿ' ಇರುತ್ತದೆ. ಸೊಸೈಟಿಗಳಿಗೆ ಸಾಮಾನ್ಯವಾಗಿ 'ಎ', ಕಂಪನಿ ರೂಪದ ಸೇವಾ ಸಂಸ್ಥೆಗೆ 'ಸಿ'. ಅಲ್ಲಿ 'ಪಿ' ಇದ್ದರೆ ಅದು ಒಬ್ಬ ವ್ಯಕ್ತಿಯ ಸ್ವಂತ ಪ್ಯಾನ್. ಗೂಗಲ್ ಪೇಯಲ್ಲಿ ನಂಬರ್ ಹಾಕಿದಾಗ ಬರುವ ಹೆಸರು ಸಂಸ್ಥೆಯದೋ ವ್ಯಕ್ತಿಯದೋ ನೋಡಿ. ವ್ಯಕ್ತಿಯ ಖಾತೆಗೆ ಮೂರು ಲಕ್ಷವಲ್ಲ, ಮೂರು ಸಾವಿರವನ್ನೂ ಸೇವೆಯ ಹೆಸರಲ್ಲಿ ಹಾಕಬೇಡಿ.

ಆಡಿಟ್ ರಿಪೋರ್ಟಿನ ಕೊನೆಯಲ್ಲಿ ಆಡಿಟರ್ ಸಹಿಯ ಹತ್ತಿರ ಯುಡಿಐಎನ್ ಅಂತ 18 ಅಂಕೆ-ಅಕ್ಷರಗಳ ಒಂದು ಸಂಖ್ಯೆ ಇರುತ್ತದೆ. 2019ರ ಜುಲೈಯಿಂದ ಎಲ್ಲ ಆಡಿಟ್ ವರದಿಗಳಿಗೂ ಇದು ಕಡ್ಡಾಯ. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಯುಡಿಐಎನ್ ಪೋರ್ಟಲಿನಲ್ಲಿ ಅದನ್ನು ಯಾರು ಬೇಕಾದರೂ ಹಾಕಿ ನೋಡಬಹುದು. ನಿಮ್ಮ ಮಗಳಿಗೆ ಹೇಳಿದರೆ ಐದು ನಿಮಿಷದ ಕೆಲಸ. ಸಂಖ್ಯೆ ಇಲ್ಲ, ಅಥವಾ ಹಾಕಿದರೆ ಬೇರೆಯೇ ದಾಖಲೆ ಬರುತ್ತದೆ ಅಂದರೆ ಆ ವರದಿಯನ್ನು ನಂಬಬೇಡಿ. ವರದಿಯ ಒಳಗೆ ಎಲ್ಲ ಪುಟ ಓದುವ ಅಗತ್ಯ ಇಲ್ಲ. ಟ್ರಸ್ಟಿಗಳಿಗೆ ಸಾಲ ಅಥವಾ ಮುಂಗಡ ಕೊಟ್ಟಿದ್ದಾರಾ, ಟ್ರಸ್ಟಿಯ ಕಟ್ಟಡಕ್ಕೇ ಬಾಡಿಗೆ ಹೋಗುತ್ತಿದೆಯಾ, "ಇತರೆ ಖರ್ಚು" ಅನ್ನುವ ಸಾಲಿನಲ್ಲಿ ಊಟದ ಖರ್ಚಿಗಿಂತ ದೊಡ್ಡ ಮೊತ್ತ ಇದೆಯಾ, ಈ ಮೂರು ನೋಡಿ. ಬಾಡಿಗೆ ಹೋದ ಮಾತ್ರಕ್ಕೆ ತಪ್ಪಲ್ಲ, ನ್ಯಾಯವಾದ ದರ ಇದ್ದರೆ ಸರಿ. ಆದರೆ ಯಾರಿಗೆ, ಎಷ್ಟು ಅಂತ ಕೇಳುವ ಹಕ್ಕು ನಿಮಗಿದೆ.

80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವ ನೋಂದಣಿ) ಇದೆ, ನೀತಿ ಆಯೋಗದ ದರ್ಪಣ್ ನಂಬರ್ ಇದೆ, ಹಾಗಾಗಿ ಸರ್ಕಾರವೇ ಒಪ್ಪಿದೆ ಅಂತ ಹೇಳುವವರಿದ್ದಾರೆ. ದರ್ಪಣ್ ಅನ್ನುವುದು ಸಂಸ್ಥೆಗಳ ಪಟ್ಟಿ ಅಷ್ಟೇ, ಒಳ್ಳೆಯ ನಡತೆಯ ಸರ್ಟಿಫಿಕೇಟ್ ಅಲ್ಲ. 80ಜಿ ತೆರಿಗೆಯ ವಿಷಯ. ಹೊಸ ತೆರಿಗೆ ಪದ್ಧತಿಯಲ್ಲಿ ನೀವಿದ್ದರೆ ನಿಮಗೆ ಅದರಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ. ಹಳೆ ಪದ್ಧತಿಯಲ್ಲಿದ್ದರೆ ಸಾಮಾನ್ಯವಾಗಿ ಕೊಟ್ಟಿದ್ದರ ಅರ್ಧಕ್ಕೆ ವಿನಾಯಿತಿ, ಅದಕ್ಕೂ ಮಿತಿ ಇದೆ. ನಗದು 2,000 ದಾಟಿದರೆ ಅದೂ ಇಲ್ಲ. ನಿಮಗೆ ಇದರ ಉಪಯೋಗ ಒಂದೇ. ಈ ನೋಂದಣಿ ಈಗ ಮೊದಲಿನ ಹಾಗೆ ಒಮ್ಮೆ ಸಿಕ್ಕರೆ ಕಾಯಂ ಅಲ್ಲ, ಕಾಲಕಾಲಕ್ಕೆ ನವೀಕರಿಸಬೇಕು. ನವೀಕರಣ ಆಗಿದೆ ಅಂದರೆ ಆ ಸಂಸ್ಥೆ ಲೆಕ್ಕಪತ್ರ ಇಟ್ಟುಕೊಂಡಿದೆ ಅನ್ನುವಷ್ಟರ ಮಟ್ಟಿಗೆ ನಂಬಬಹುದು. ಚರ್ಚಿನ ಕಾಣಿಕೆಗೆ 80ಜಿ ಸಿಗದಿರುವುದು ಸಹಜ. ಒಂದೇ ಧರ್ಮದವರ ಸಲುವಾಗಿ ಇರುವ ಸಂಸ್ಥೆಗಳಿಗೆ ಅದು ಸಿಗುವುದಿಲ್ಲ. ಅದನ್ನು ನೋಡಿ ಚರ್ಚಿನ ಮೇಲೆ ಅನುಮಾನ ಪಡಬೇಡಿ.

ಇನ್ನು ದೊಡ್ಡ ಸಂಸ್ಥೆ, ನಿಮ್ಮ ತಮ್ಮನ ಮಾತು. ವಿದೇಶಿ ದೇಣಿಗೆಯ ಮಟ್ಟಿಗೆ ಅದು ತಪ್ಪು. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ವಿದೇಶಿ ಹಣದಲ್ಲಿ ಆಡಳಿತಕ್ಕೆ ಶೇ 20ಕ್ಕಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. ದೇಶದೊಳಗಿನ ಹಣಕ್ಕೆ ಅಂಥ ಮಿತಿ ಇಲ್ಲ, ಹಾಗಾಗಿ ಕೇಳಿ ತಿಳಿದುಕೊಳ್ಳಬೇಕು. ಆದರೆ ಸಂಬಳ ಅಂದ ತಕ್ಷಣ ಅದು ಪೋಲು ಅಂದುಕೊಳ್ಳುವುದು ಸರಿಯಲ್ಲ. ವೃದ್ಧರ ಆಶ್ರಮದಲ್ಲಿ ರಾತ್ರಿ ಪಾಳಿಯ ಆಯಾಳ ಸಂಬಳವೇ ಸೇವೆ. ಶಾಲೆಯಲ್ಲಿ ನಿಮ್ಮ ಸಂಬಳ ಆಡಳಿತ ವೆಚ್ಚ ಆಗಿತ್ತಾ? ಅಮೆರಿಕದಲ್ಲಿ ಸೇವಾ ಸಂಸ್ಥೆಗಳಿಗೆ ಅಂಕ ಕೊಡುವ ಮೂರು ದೊಡ್ಡ ಸಂಸ್ಥೆಗಳ ಮುಖ್ಯಸ್ಥರೇ 2013ರಲ್ಲಿ ಒಟ್ಟಾಗಿ ಪತ್ರ ಬರೆದು, ಆಡಳಿತ ವೆಚ್ಚದ ಶೇಕಡಾ ಒಂದನ್ನೇ ನೋಡಿ ಕೊಡಬೇಡಿ ಅಂತ ದಾನಿಗಳನ್ನು ಕೇಳಿಕೊಂಡರು. ಖರ್ಚು ತೀರಾ ಕಡಿಮೆ ತೋರಿಸುವ ಸಂಸ್ಥೆಗಳು ಅಕೌಂಟೆಂಟ್ ಇಡುವುದಿಲ್ಲ, ನರ್ಸಿಗೆ ಸರಿಯಾದ ಸಂಬಳ ಕೊಡುವುದಿಲ್ಲ. ಅದರ ಕಷ್ಟ ಬೀಳುವುದು ಒಳಗಿರುವವರ ಮೇಲೆ.

ದೊಡ್ಡ ಸಂಸ್ಥೆಯ ಅನುಕೂಲ ಅಂದರೆ ವ್ಯವಸ್ಥೆ. ಒಬ್ಬ ನಿರ್ದೇಶಕ ಹೋದರೂ ಕೆಲಸ ನಿಲ್ಲುವುದಿಲ್ಲ, ಪ್ರವಾಹ ಬಂದಾಗ ಮೂರು ದಿನದಲ್ಲಿ ಜನ ತಲುಪುತ್ತಾರೆ. ತೊಂದರೆ ಅಂದರೆ ದೂರ. ನಿಮ್ಮ ಹಣ ಎಲ್ಲಿ ಹೋಯಿತು ಅಂತ ಕಣ್ಣಲ್ಲಿ ನೋಡಲು ಆಗುವುದಿಲ್ಲ. ಒಂದು ಮಗುವಿನ ಫೋಟೊ ಕಳಿಸಿ ಇವಳನ್ನು ನೀವು ಓದಿಸುತ್ತಿದ್ದೀರಿ ಅಂದರೂ, ಎಷ್ಟೋ ಕಡೆ ಹಣ ಆ ಊರಿನ ಒಟ್ಟು ಕೆಲಸಕ್ಕೆ ಹೋಗುತ್ತದೆ. ಅದು ತಪ್ಪಲ್ಲ, ಒಂದು ಮಗುವಿಗೆ ಮಾತ್ರ ಬ್ಯಾಗು ಕೊಟ್ಟು ಪಕ್ಕದ ಮಗುವನ್ನು ಬಿಡುವುದಕ್ಕಿಂತ ಒಳ್ಳೆಯದೇ. ಆದರೆ ಅದನ್ನು ಮೊದಲೇ ಹೇಳಿದ್ದಾರಾ ನೋಡಿ. ನೆರವು ಪಡೆಯಲು ಪ್ರಾರ್ಥನೆಗೆ ಬರಲೇಬೇಕು ಅನ್ನುವ ಷರತ್ತು ಇದೆಯಾ ಅಂತಲೂ ಕೇಳಿ. 1994ರಲ್ಲಿ ರೆಡ್ ಕ್ರಾಸ್ ಮತ್ತು ಇತರ ಸಂಸ್ಥೆಗಳು ಸೇರಿ ಮಾಡಿದ ನೀತಿಸಂಹಿತೆ, ನೆರವನ್ನು ಒಂದು ಧಾರ್ಮಿಕ ನಿಲುವು ಹಬ್ಬಿಸಲು ಬಳಸಬಾರದು ಅನ್ನುತ್ತದೆ. ಕ್ಯಾಥೊಲಿಕ್ ಸಭೆಯ ನೆರವು ಸಂಸ್ಥೆ ಕಾರಿತಾಸ್ ಕೂಡ ಅದನ್ನು ಒಪ್ಪಿದೆ. ಹಸಿದವನಿಗೆ ಷರತ್ತು ಹಾಕಿ ಅನ್ನ ಕೊಡುವುದನ್ನು ಕ್ರಿಸ್ತನ ಹೆಸರಲ್ಲಿ ಮಾಡಬಾರದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ವಿದೇಶಿ ದೇಣಿಗೆಯ ಲೈಸೆನ್ಸ್ ಇಲ್ಲ, ಅಥವಾ ನವೀಕರಣ ಆಗಿಲ್ಲ ಅಂದರೆ ಮೋಸದ ಸಂಸ್ಥೆ ಅಂತ ಅರ್ಥವಲ್ಲ. 2021ರ ಡಿಸೆಂಬರಿನಲ್ಲಿ ಮದರ್ ತೆರೇಸಾ ಅವರ ಮಿಷನರೀಸ್ ಆಫ್ ಚಾರಿಟಿಗೇ ನವೀಕರಣ ನಿರಾಕರಿಸಿ, 2022ರ ಜನವರಿಯಲ್ಲಿ ವಾಪಸ್ ಕೊಟ್ಟರು. ಲೈಸೆನ್ಸ್ ಇದೆಯಾ ಅನ್ನುವುದು ನಿಮ್ಮ ಮಗನ ಹಣಕ್ಕೆ ಮುಖ್ಯ. ನಿಮ್ಮ ಹಣಕ್ಕೆ ಅಲ್ಲ.

ಸಿಸ್ಟರ್‌ಗಳ ಆಶ್ರಮಕ್ಕೆ ವೆಬ್‌ಸೈಟ್ ಇಲ್ಲ ಅನ್ನುವುದನ್ನು ಕೊರತೆ ಅಂದುಕೊಳ್ಳಬೇಡಿ. ಇಂಥ ಮನೆಗಳ ಲೆಕ್ಕ ಸಾಮಾನ್ಯವಾಗಿ ಅವರ ಸಭಾಪ್ರಾಂತ್ಯದ (ಸಿಸ್ಟರ್‌ಗಳ ಸಂಘದ ಪ್ರಾದೇಶಿಕ ಘಟಕದ) ಸೊಸೈಟಿ ಅಥವಾ ಟ್ರಸ್ಟಿನ ಹೆಸರಲ್ಲಿ ಆಡಿಟ್ ಆಗುತ್ತದೆ. ಅದನ್ನು ಕೇಳಿ ತರಿಸಿಕೊಳ್ಳಿ. ಆದರೆ ಇಲ್ಲಿ ಕಾಗದಕ್ಕಿಂತ ಕಣ್ಣು ಜಾಸ್ತಿ ಹೇಳುತ್ತದೆ. ಹೇಳದೆ ಹೋಗಬೇಡಿ, ಅದು ಮರ್ಯಾದೆ ಅಲ್ಲ. ಊಟದ ಹೊತ್ತಿಗೆ ಬರಬಹುದಾ ಅಂತ ಕೇಳಿ ಹೋಗಿ. ತಾವಾಗಿ ಉಣ್ಣಲಾಗದವರಿಗೆ ಯಾರು ಉಣಿಸುತ್ತಾರೆ, ಎಷ್ಟು ನಿಧಾನವಾಗಿ ಉಣಿಸುತ್ತಾರೆ ನೋಡಿ. ಮಲಗಿದಲ್ಲೇ ಇರುವವರಿಗೆ ಬೆನ್ನು ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ರಾತ್ರಿ ಆ ಕೆಲಸಕ್ಕೆ ಎಷ್ಟು ಜನ ಇದ್ದಾರೆ ಕೇಳಿ. ಒಬ್ಬರೇ ಇದ್ದಾರೆ, ಇನ್ನೊಬ್ಬರನ್ನು ಇಡಲು ಹಣ ಇಲ್ಲ ಅಂತ ಸಿಸ್ಟರ್ ಹೇಳಿದರೆ ನಿಮ್ಮ ಹಣಕ್ಕೆ ಕೆಲಸ ಸಿಕ್ಕ ಹಾಗೆ.

ಯಜಮಾನರ ಹೆಸರು ಉಳಿಯಲಿ ಅಂತ ಕೆಲವರು ಕಾರ್ಪಸ್ ಆಗಿ ಕೊಡಲು ಹೇಳಬಹುದು. ಅಂದರೆ ಅಸಲು ಠೇವಣಿಯಲ್ಲಿರುತ್ತದೆ, ಬಡ್ಡಿ ಮಾತ್ರ ಖರ್ಚಾಗುತ್ತದೆ. ಎರಡು ಲಕ್ಷಕ್ಕೆ ಶೇ 6ರ ಬಡ್ಡಿ ಹಿಡಿದರೆ ತಿಂಗಳಿಗೆ ಒಂದು ಸಾವಿರ. ಅದೇ ಎರಡು ಲಕ್ಷದಲ್ಲಿ ಗಾಳಿ ಹಾಸಿಗೆ, ಬಿಸಿನೀರಿನ ವ್ಯವಸ್ಥೆ, ಕೆಲವು ತಿಂಗಳ ರಾತ್ರಿ ಆಯಾ ಎಲ್ಲ ಆಗುತ್ತದೆ. ನಾನಾದರೆ ಬಳಸಲು ಕೊಡುತ್ತೇನೆ, ಯಾವುದಕ್ಕೆ ಅಂತ ಒಂದು ಪತ್ರದಲ್ಲಿ ಬರೆದು ಕೊಡುತ್ತೇನೆ. ಪತ್ರ ತೀರಾ ಬಿಗಿ ಮಾಡಬೇಡಿ. "ಗಾಳಿ ಹಾಸಿಗೆಗೇ ಬಳಸಬೇಕು" ಅಂತ ಬರೆದರೆ ನಾಳೆ ಅಡುಗೆಮನೆಯ ಮಾಡು ಸೋರಿದರೂ ಅವರು ಮುಟ್ಟುವ ಹಾಗಿಲ್ಲ.

ಎಲ್ಲವನ್ನೂ ಒಂದೇ ಸಲ ಕೊಡಬೇಡಿ. ಮೊದಲು ಒಂದು ಪಾಲು, ಮೂವತ್ತು-ನಲವತ್ತು ಸಾವಿರ ಕೊಟ್ಟು ನೋಡಿ. ರಸೀದಿ ಬಂತಾ, ಹೇಳಿದ ಕೆಲಸ ಆಯಿತಾ, ನೀವು ಕೇಳುವ ಮೊದಲೇ ಹೇಳಿದರಾ? ಹಾಗಾದರೆ ಉಳಿದದ್ದನ್ನು ಎರಡು ಮೂರು ಕಂತಿನಲ್ಲಿ ಕೊಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಹೆಚ್ಚಿನ ಪಾಲು ಆಶ್ರಮಕ್ಕೆ, ಸ್ವಲ್ಪ ದೊಡ್ಡ ಸಂಸ್ಥೆಯ ಒಂದು ಕೆಲಸಕ್ಕೆ, ಮಕ್ಕಳ ಮನೆಗೆ ಕಾಗದ ಬರುವವರೆಗೂ ಏನೂ ಇಲ್ಲ. ಅಲ್ಲಿನ ಮಕ್ಕಳ ಬಗ್ಗೆ ಮನಸ್ಸು ಎಳೆಯುತ್ತಿದ್ದರೆ ಅವರು ಓದುವ ಶಾಲೆಯ ಆಫೀಸಿಗೇ ಹೋಗಿ ಫೀಸು ಕಟ್ಟಿ ರಸೀದಿ ತೆಗೆದುಕೊಳ್ಳಿ.

ಕೊನೆಗೆ ನಿಮ್ಮ ಮಕ್ಕಳ ವಿಷಯ. ಮಗಳ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದರೆ ಅವಳು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವ ಹಣ ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ಕೇಳಿದರೆ ಕೊಡಲಿ. ಮಗನದು ಬೇರೆ. ಕೆನಡಾದ ಪೌರ ಆದಮೇಲೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ ಅವನ ದೇಣಿಗೆ ಕಾನೂನಿನ ಕಣ್ಣಲ್ಲಿ ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆಯ ನೋಂದಣಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು. ಅದೂ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಅವರ ಖಾತೆಗೇ ಬರಬೇಕು. ನಿಮ್ಮ ಖಾತೆಗೆ ಹಾಕಿಸಿಕೊಂಡು ನೀವು ಕೊಟ್ಟರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬಂದರೂ ಅದು ವಿದೇಶಿ ದೇಣಿಗೆಯೇ ಅಂತ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ಸಿಕ್ಕಿಬೀಳುವವರು ಆ ಸಿಸ್ಟರ್‌ಗಳು ಮಾತ್ರ ಅಲ್ಲ, ಅದಕ್ಕೆ ನೆರವಾದ ನೀವೂ ಸಿಕ್ಕಿಬೀಳಬಹುದು. ಅಮ್ಮನ ಖರ್ಚಿಗೆ ಅಂತ ಮಗ ಕಳಿಸುವುದಕ್ಕೆ ಅಡ್ಡಿ ಇಲ್ಲ. ಅದನ್ನು ದೇಣಿಗೆಯ ಹಣದ ಜೊತೆ ಬೆರೆಸದೆ ಮನೆಗೆ ಬಳಸಿ. ಅವನ ಪಾಲನ್ನು ಅವನು ನೋಂದಣಿ ಇರುವ ದೊಡ್ಡ ಸಂಸ್ಥೆಗೆ ನೇರವಾಗಿ ಕಳಿಸಲಿ.

ಮಾರ್ಚ್ 31ರೊಳಗೆ ಮುಗಿಸಬೇಕು ಅನ್ನುವ ಗಡಿಬಿಡಿ ಬೇಡ. ಅದು ತೆರಿಗೆ ಉಳಿಸುವವರ ಚಿಂತೆ. ಟ್ರಸ್ಟ್‌ಗಳ ಹಿಂದಿನ ವರ್ಷದ ಆಡಿಟ್ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಅಕ್ಟೋಬರಿನಲ್ಲಿ ಕೇಳಿದರೆ ಹೊಸ ಲೆಕ್ಕವೇ ನಿಮ್ಮ ಕೈಗೆ ಸಿಗುತ್ತದೆ.